ಆರೋಗ್ಯ ಸಂಶೋಧನೆಗೆ ಹಾಕಿದ ದುಡ್ಡಿನಿಂದ ಜನಕ್ಕೇನು ಸಿಕ್ಕಿತು? ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ಸಂಶೋಧನೆಯ ವರದಿಗಳನ್ನು ಕನ್ನಡದಲ್ಲಿ ಜನರಿಗೆ ತಿಳಿಸುವುದು ನನ್ನ ಕೆಲಸ. ಊರಿನ ಸಭೆಗಳಲ್ಲಿ, ಓದುಗರ ಪತ್ರಗಳಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಬಾಯಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. ಎಲ್ಲ ಓದಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲಿಗೆ

ಆರೋಗ್ಯ ಸಂಶೋಧನೆ ಅಂದ್ರೆ ಹೊಸ ಔಷಧಿ ಕಂಡುಹಿಡಿಯೋದು ತಾನೆ?

ಅದು ಒಂದು ಭಾಗ ಮಾತ್ರ. ಈಗಾಗಲೇ ಇರುವ ಔಷಧಿಯನ್ನು ಯಾರಿಗೆ, ಎಲ್ಲಿ, ಹೇಗೆ ಕೊಟ್ಟರೆ ಕೆಲಸ ಮಾಡುತ್ತದೆ ಅಂತ ನೋಡುವುದೂ ಸಂಶೋಧನೆಯೇ. ನನ್ನ ಲೆಕ್ಕದಲ್ಲಿ ನಮ್ಮ ದೇಶಕ್ಕೆ ಜಾಸ್ತಿ ಉಪಯೋಗವಾದದ್ದು ಇಂಥದ್ದರಿಂದಲೇ.

1950ರ ದಶಕದಲ್ಲಿ ಕ್ಷಯ ಬಂದರೆ ಸ್ಯಾನಿಟೋರಿಯಂ ಸೇರಬೇಕಿತ್ತು. ಊರಾಚೆ, ಗಾಳಿ ಬೆಳಕು ಇರುವ ಕಡೆ, ಒಳ್ಳೆ ಊಟದ ಜೊತೆ, ತಿಂಗಳುಗಟ್ಟಲೆ. ಮೈಸೂರಿನವರಿಗೆ ಪಿಕೆಟಿಬಿ ಸ್ಯಾನಿಟೋರಿಯಂ ನೆನಪಿರಬಹುದು. ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಅದರ ಒಂದು ಚೂರು. 1956ರಲ್ಲಿ ಮದ್ರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮತ್ತು ಮದ್ರಾಸ್ ಸರ್ಕಾರ ಸೇರಿ ಒಂದು ಪ್ರಯೋಗ ಶುರು ಮಾಡಿದವು. ಒಂದಷ್ಟು ರೋಗಿಗಳನ್ನು ಸ್ಯಾನಿಟೋರಿಯಂಗೆ ಸೇರಿಸಿದರು. ಉಳಿದವರನ್ನು ಅವರವರ ಇಕ್ಕಟ್ಟಾದ ಬಡ ಮನೆಗಳಲ್ಲೇ ಬಿಟ್ಟು ಅದೇ ಮಾತ್ರೆ ಕೊಟ್ಟರು. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಮನೆಯಲ್ಲಿದ್ದ ರೋಗಿಯಿಂದ ಮನೆಮಂದಿಗೆ ಹೆಚ್ಚಾಗಿ ಹರಡಿದ್ದೂ ಕಾಣಲಿಲ್ಲ. 1959ರಲ್ಲಿ ಫಲಿತಾಂಶ ಹೊರಬಂತು. ಕ್ರಮೇಣ ಜಗತ್ತಿನ ಉದ್ದಕ್ಕೂ ಸ್ಯಾನಿಟೋರಿಯಂಗಳು ಮುಚ್ಚಿದವು. ಹೊಸ ಔಷಧಿ ಒಂದೂ ಇರಲಿಲ್ಲ, ನೋಡಿ.

ಇದಕ್ಕೆ ನಮ್ಮ ಜೇಬಿಂದ ಎಷ್ಟು ಹೋಗ್ತಾ ಇದೆ?

2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಂಶೋಧನಾ ಇಲಾಖೆಗೆ ಇಟ್ಟದ್ದು ಸುಮಾರು 3,900 ಕೋಟಿ ರೂಪಾಯಿ. ಐಸಿಎಂಆರ್ ಬರುವುದು ಈ ಇಲಾಖೆಯ ಕೆಳಗೆ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 28 ರೂಪಾಯಿ. ದರ್ಶಿನಿಯಲ್ಲಿ ಎರಡು ಟೀ ಕುಡಿದರೆ ಮುಗಿಯಿತು. ಆರೋಗ್ಯ ಸಚಿವಾಲಯದ ಪೂರ್ತಿ ಮೊತ್ತ ಒಂದು ಲಕ್ಷ ಕೋಟಿಯ ಹತ್ತಿರ ಇದೆ, ಅದರಲ್ಲಿ ಸಂಶೋಧನೆಯ ಪಾಲು 100ಕ್ಕೆ 4 ರೂಪಾಯಿ.

ಇದೇ ಪೂರ್ತಿ ಲೆಕ್ಕವಲ್ಲ. ಜೈವಿಕ ತಂತ್ರಜ್ಞಾನ ಇಲಾಖೆ, ವಿಶ್ವವಿದ್ಯಾಲಯಗಳು, ವಿದೇಶಿ ದತ್ತಿ ಸಂಸ್ಥೆಗಳು ಹಾಕುವುದು ಬೇರೆ ಇದೆ. ಎಲ್ಲ ಕ್ಷೇತ್ರಗಳ ಸಂಶೋಧನೆ ಸೇರಿಸಿದರೂ 2020-21ರಲ್ಲಿ ದೇಶ ಖರ್ಚು ಮಾಡಿದ್ದು ಜಿಡಿಪಿಯ 0.64% ಮಾತ್ರ. ಹಾಗಾಗಿ "ಕೋಟಿ ಕೋಟಿ ಸುರೀತಾರೆ" ಅನ್ನುವವರಿಗೆ ನಾನು ಮೊದಲು ಈ 28 ರೂಪಾಯಿ ಹೇಳುತ್ತೇನೆ. ಕಡಿಮೆ ದುಡ್ಡು ಅಂದಮಾತ್ರಕ್ಕೆ ಲೆಕ್ಕ ಕೇಳಬಾರದು ಅಂತಲ್ಲ, ಖಂಡಿತ ಕೇಳಬೇಕು.

ಔಷಧಿ ಕಂಪನಿಗಳೇ ಮಾಡ್ಕೋತಾರಲ್ವಾ? ಸರ್ಕಾರ ಯಾಕೆ ದುಡ್ಡು ಹಾಕ್ಬೇಕು?

ಕಂಪನಿ ಹೋಗುವುದು ಗಿರಾಕಿ ಇರುವ ಕಡೆ. ಮಂಗನ ಕಾಯಿಲೆ ಬರುವುದು ಮಲೆನಾಡು ಮತ್ತು ಪಶ್ಚಿಮಘಟ್ಟದ ಆಚೀಚಿನ ಕೆಲವು ತಾಲ್ಲೂಕುಗಳಲ್ಲಿ, ಅದೂ ಕಾಡಿಗೆ ಹೋಗುವ ಬಡವರಿಗೆ. ಅದಕ್ಕೆ ಲಸಿಕೆ ಮಾಡಿ ಲಾಭ ನೋಡಿದ ಕಂಪನಿ ಇಲ್ಲ. ಓಆರ್‌ಎಸ್ ತೆಗೆದುಕೊಳ್ಳಿ. ಭೇದಿಯಾದವರಿಗೆ ಕುಡಿಸುವ ಉಪ್ಪು, ಸಕ್ಕರೆ, ನೀರು. ಇದರಲ್ಲಿ ಪೇಟೆಂಟ್ ಮಾಡಿ ದುಡ್ಡು ಮಾಡುವಂಥದ್ದು ಏನಿದೆ?

ದುಡ್ಡು ಮಾಡುವ ಔಷಧಿಗಳ ಬುಡದಲ್ಲೂ ಸರ್ಕಾರದ ಹಣ ಇರುತ್ತದೆ. ಅಮೆರಿಕದಲ್ಲಿ 2010ರಿಂದ 2016ರವರೆಗೆ ಒಪ್ಪಿಗೆ ಪಡೆದ 210 ಹೊಸ ಔಷಧಿಗಳ ಜಾಡು ಹಿಡಿದು ನೋಡಿದರು. ಒಂದೂ ಬಿಡದೆ ಎಲ್ಲದರ ಹಿಂದೆಯೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಣ ಕೊಟ್ಟ ಸಂಶೋಧನೆ ಸಿಕ್ಕಿತು. ಬಹುತೇಕ ಅದು ಮೂಲ ವಿಜ್ಞಾನ, ಮಾತ್ರೆಯಲ್ಲ.

ದುಡ್ಡು ಹಾಕಿದ ಮೇಲೆ ಫಲ ಬರೋಕೆ ಎಷ್ಟು ವರ್ಷ ಕಾಯಬೇಕು?

ಬ್ರಿಟನ್ನಿನಲ್ಲಿ ಹೃದಯದ ಕಾಯಿಲೆಗಳ ಸಂಶೋಧನೆ ಬಗ್ಗೆ ಲೆಕ್ಕ ಹಾಕಿದವರು ಸರಾಸರಿ 17 ವರ್ಷ ಅಂದರು. ನಮ್ಮಲ್ಲಿ ಹುಟ್ಟಿದ ರೋಟಾವ್ಯಾಕ್ ಲಸಿಕೆಗೆ ಸುಮಾರು 30 ವರ್ಷ ಹಿಡಿಯಿತು. ಮದ್ರಾಸಿನ ಪ್ರಯೋಗ ಮೂರೇ ವರ್ಷದಲ್ಲಿ ಉತ್ತರ ಕೊಟ್ಟಿತು. ಅಡಿಕೆ ಸಸಿ ನೆಟ್ಟವರು ಮೊದಲ ಗೊನೆಗೆ ಐದಾರು ವರ್ಷ ಕಾಯುತ್ತಾರೆ, ಮಧ್ಯೆ ಬಂದು "ಏನು ಸಿಕ್ತು" ಅಂತ ಕೇಳಿದರೆ ನಗುತ್ತಾರೆ. ಆದರೆ ಎಂಎಲ್‌ಎ, ಎಂಪಿಗಳ ಅವಧಿ ಐದು ವರ್ಷ, ಸಂಶೋಧನಾ ಯೋಜನೆಯ ಅವಧಿ ಸಾಮಾನ್ಯವಾಗಿ ಮೂರು. ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ.

## ಅಳೆಯುವ ಬಗ್ಗೆ

ನಮ್ಮ ಪ್ರೊಫೆಸರ್ 200 ಪೇಪರ್ ಬರೆದಿದಾರೆ. ಅದು ಉಪಯೋಗ ಅಲ್ವಾ?

ಉಪಯೋಗದ ಮೊದಲ ಮೆಟ್ಟಿಲು. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇದಕ್ಕೊಂದು ಚೌಕಟ್ಟು ಮಾಡಿದರು. ಐದು ಖಾನೆ: ಬಂದ ಜ್ಞಾನ, ಮುಂದಿನ ಸಂಶೋಧನೆಗೆ ತಯಾರಾದ ಜನ ಮತ್ತು ಸಲಕರಣೆ, ಬದಲಾದ ಸರ್ಕಾರಿ ನೀತಿ, ಸುಧಾರಿಸಿದ ಆರೋಗ್ಯ, ಆರ್ಥಿಕ ಲಾಭ. ಪೇಪರ್ ಬರುವುದು ಮೊದಲ ಖಾನೆಗೆ. ನಮ್ಮ ಹೆಚ್ಚಿನ ವಾರ್ಷಿಕ ವರದಿಗಳು ಆ ಖಾನೆ ತುಂಬಿಸಿ ಪೆನ್ ಕೆಳಗಿಡುತ್ತವೆ, ಯಾಕೆಂದರೆ ಅದನ್ನು ಎಣಿಸುವುದು ಸುಲಭ.

ಇಷ್ಟು ಜೀವ ಉಳೀತು ಅಂತಾರಲ್ಲ, ಸಾಯದೇ ಇದ್ದವರನ್ನ ಹೇಗೆ ಎಣಿಸ್ತಾರೆ?

ಒಳ್ಳೆ ಪ್ರಶ್ನೆ. ಸತ್ತವರನ್ನು ಎಣಿಸಬಹುದು, ಸಾಯದೆ ಉಳಿದವರನ್ನು ಎಣಿಸಲು ಆಗದು. ಹಾಗಾಗಿ "ಇದು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು" ಅಂತ ಒಂದು ಹೋಲಿಕೆ ಬೇಕು.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಮತ್ತು ಅವರ ತಂಡದವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಯ ಮನೆಯವರ ಕೈಯಲ್ಲೇ ಲೋಟ ಕೊಟ್ಟು ಕುಡಿಸಿದರು. 30% ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ 3.6%ಕ್ಕೆ ಇಳಿಯಿತು.

ಈ ಎರಡು ಅಂಕಿಗಳ ನಡುವಿನ ಅಂತರವೇ ಉಳಿದ ಜೀವ ಅಂತ ನಾವು ಹೇಳುತ್ತೇವೆ. ಆದರೆ ಹುಷಾರು. ಅದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಾಗಿರಲಿಲ್ಲ, ಯುದ್ಧದ ನಡುವಿನ ಪರದಾಟ. ಮೊದಲು ಬಂದವರು ಹೆಚ್ಚು ಬಳಲಿದ್ದಿರಬಹುದು, ಆಮೇಲೆ ಬಂದವರಿಗೆ ಆರೈಕೆ ಚೆನ್ನಾಗಿ ಸಿಕ್ಕಿರಬಹುದು. ಅಂತರ ಇಷ್ಟು ದೊಡ್ಡದಿದ್ದಾಗ ಈ ಅನುಮಾನಗಳಿಗೆ ತೂಕ ಕಡಿಮೆ. ಅಂತರ ಸಣ್ಣದಿದ್ದಾಗ ಅವೇ ಎಲ್ಲವನ್ನೂ ಬುಡಮೇಲು ಮಾಡುತ್ತವೆ.

ಊಟ ಕೊಟ್ರೆ ಟಿಬಿ 39% ಕಡಿಮೆ ಆಯ್ತು ಅಂತ ಓದಿದೆ. ಅಂದ್ರೆ 100 ಜನದಲ್ಲಿ 39 ಜನ ಬಚಾವಾದ್ರಾ?

ಇಲ್ಲ. ಇಲ್ಲೇ ಅತಿ ಹೆಚ್ಚು ಜನ ಎಡವುವುದು, ಪತ್ರಕರ್ತರೂ ಸೇರಿ. ಸ್ವಲ್ಪ ನಿಧಾನವಾಗಿ ನೋಡೋಣ.

ಇದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಐಸಿಎಂಆರ್ ಹಣದಿಂದ ನಡೆದ ರೇಷನ್ಸ್ ಪ್ರಯೋಗ. ಮುಂದೆ ನಿಂತು ನಡೆಸಿದವರು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಫಲಿತಾಂಶ 2023ರಲ್ಲಿ ಬಂತು. 2,800 ಟಿಬಿ ರೋಗಿಗಳ ಮನೆಯವರು, ಒಟ್ಟು 10,345 ಜನ. ರೋಗಿಗಳಿಗೆ ಎರಡೂ ಗುಂಪಿನಲ್ಲಿ ಆಹಾರ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಯವರಿಗೂ ಕೊಟ್ಟರು. ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ವಿಟಮಿನ್ ಮಾತ್ರೆ. ದಿನಕ್ಕೆ ಸುಮಾರು 750 ಕ್ಯಾಲೊರಿ, 23 ಗ್ರಾಂ ಪ್ರೋಟೀನ್.

ಮನೆಯವರಿಗೆ ಆಹಾರ ಸಿಗದ ಗುಂಪಿನ 4,724 ಜನರಲ್ಲಿ 122 ಮಂದಿಗೆ ಟಿಬಿ ಬಂತು. ಸಿಕ್ಕ ಗುಂಪಿನ 5,621 ಜನರಲ್ಲಿ 96 ಮಂದಿಗೆ. ಸಾವಿರಕ್ಕೆ ಲೆಕ್ಕ ಮಾಡಿದರೆ 26 ಇದ್ದದ್ದು 17 ಆಯಿತು. ಇದು ಮೂರನೇ ಒಂದರಷ್ಟು ಇಳಿಕೆ. ಎಷ್ಟು ಕಾಲ ಗಮನಿಸಿದರು, ಗುಂಪುಗಳ ನಡುವೆ ಏನು ವ್ಯತ್ಯಾಸ ಎಂಬುದನ್ನೆಲ್ಲ ಸರಿದೂಗಿಸಿದ ಮೇಲೆ 39% ಅಂತ ಬರುತ್ತದೆ. ಅಂದರೆ 39% ಕಡಿಮೆಯಾದದ್ದು ಟಿಬಿ ಬರುವ ಸಂಭವ. ಬಚಾವಾದವರು ಸಾವಿರಕ್ಕೆ 9 ಜನ.

ಊರುಗಳಲ್ಲಿ ಇದನ್ನು ಹೇಳಲು ನಾನು ಎರಡು ದೊಡ್ಡ ತಟ್ಟೆ, ಒಣಗಿದ ಅವರೆಕಾಳು ತೆಗೆದುಕೊಂಡು ಹೋಗುತ್ತೇನೆ. ಒಂದೊಂದು ತಟ್ಟೆಗೂ ಸಾವಿರ ಕಾಳು, ಶಾಲೆ ಮಕ್ಕಳು ಎಣಿಸಿಕೊಡುತ್ತಾರೆ. ಒಂದರಲ್ಲಿ 26 ಕಾಳಿಗೆ ಕುಂಕುಮದ ನೀರು ಹಚ್ಚಿರುತ್ತೇನೆ, ಇನ್ನೊಂದರಲ್ಲಿ 17ಕ್ಕೆ. ಜನ ಬಗ್ಗಿ ನೋಡಿ ಮೊದಲು "ಇಷ್ಟೇನಾ?" ಅನ್ನುತ್ತಾರೆ. ಆಮೇಲೆ ದೇಶದಲ್ಲಿ ವರ್ಷಕ್ಕೆ ಅಂದಾಜು 27 ಲಕ್ಷಕ್ಕೂ ಹೆಚ್ಚು ಜನಕ್ಕೆ ಟಿಬಿ ಬರುತ್ತದೆ, ಅಷ್ಟೂ ಮನೆಗೆ ಈ ತಟ್ಟೆ ಇಟ್ಟುಕೊಳ್ಳಿ ಅಂದಾಗ ಸುಮ್ಮನಾಗುತ್ತಾರೆ. ಎರಡೂ ಪ್ರತಿಕ್ರಿಯೆ ಸರಿಯೇ. ಎರಡಕ್ಕೂ ಜಾಗ ಕೊಡಬೇಕು.

ಇನ್ನೊಂದು ಅಂಕಿ ಇದೆ, ಅಧಿಕಾರಿಗಳಿಗೆ ಇದೇ ಬೇಕಾಗುವುದು. ಒಬ್ಬರಿಗೆ ಟಿಬಿ ಬರದಂತೆ ತಡೆಯಲು 111 ಜನಕ್ಕೆ, ಅಂದರೆ ಸುಮಾರು 30 ಮನೆಗಳಿಗೆ ಈ ಆಹಾರ ಕೊಡಬೇಕು. ಅದು ದುಬಾರಿಯೋ ಅಗ್ಗವೋ ಎಂಬ ವಾದ ಇಲ್ಲಿಂದ ಶುರುವಾಗಬೇಕು. ನನಗಂತೂ ಅಗ್ಗ ಅನಿಸುತ್ತದೆ. ಉಳಿದ 110 ಜನ ಆ ಅನ್ನ ಬೇಳೆಯನ್ನೇನು ಚೆಲ್ಲಲಿಲ್ಲವಲ್ಲ.

ಮದ್ರಾಸಿನವರು ಊಟ ಮುಖ್ಯ ಅಲ್ಲ ಅಂದ್ರು, ಇವರು ಊಟವೇ ಮುಖ್ಯ ಅಂತಾರೆ. ಯಾರನ್ನ ನಂಬೋದು?

ಇಬ್ಬರನ್ನೂ ನಂಬಬಹುದು. ಮದ್ರಾಸಿನಲ್ಲಿ ಕೇಳಿದ್ದು ಮಾತ್ರೆ ಸರಿಯಾಗಿ ನುಂಗುತ್ತಿರುವ ರೋಗಿ ಸ್ಯಾನಿಟೋರಿಯಂ ಊಟ ಇಲ್ಲದೆಯೂ ಗುಣವಾಗುತ್ತಾನಾ ಅಂತ. ಜಾರ್ಖಂಡಿನಲ್ಲಿ ಕೇಳಿದ್ದು ಇನ್ನೂ ರೋಗ ಬರದ ಮನೆಯವರಿಗೆ ಹೊಟ್ಟೆ ತುಂಬ ಸಿಕ್ಕರೆ ರೋಗ ಬರುವುದು ತಪ್ಪುತ್ತದಾ ಅಂತ. ಪ್ರಶ್ನೆಯೇ ಬೇರೆ.

ಒಂದು ಲಸಿಕೆ ಬಂತು ಅಂದ್ರೆ ಎಲ್ಲರೂ "ನಮ್ಮಿಂದ" ಅಂತಾರೆ. ನಿಜವಾಗ್ಲೂ ಯಾರಿಂದ?

ರೋಟಾವ್ಯಾಕ್ ಕಥೆ ಕೇಳಿ. ಮಕ್ಕಳಿಗೆ ಜೋರು ಭೇದಿ ತರುವ ರೋಟಾ ವೈರಸ್ಸಿನ ಲಸಿಕೆ ಇದು. 1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಅವರ ತಂಡಕ್ಕೆ ಒಂದು ವಿಚಿತ್ರ ಕಂಡಿತು. ಕೆಲವು ನವಜಾತ ಶಿಶುಗಳಿಗೆ ವೈರಸ್ ಸೋಂಕಿದ್ದರೂ ಭೇದಿ ಇಲ್ಲ. ಆ ತಳಿಗೆ 116ಇ ಅಂತ ಹೆಸರಿಟ್ಟರು. ಬೆಂಗಳೂರಿನಲ್ಲೂ ಇಂಥದ್ದೇ ಒಂದು ತಳಿ ಸಿಕ್ಕಿತು, ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ದುರ್ಗಾ ರಾವ್ ಅವರ ತಂಡ ಅದರ ಮೇಲೆ ಕೆಲಸ ಮಾಡಿತು. ಎರಡನ್ನೂ ಒಟ್ಟಿಗೆ ಮಕ್ಕಳಲ್ಲಿ ಪರೀಕ್ಷಿಸಿದಾಗ ದೆಹಲಿಯದ್ದು ಗೆದ್ದಿತು, ಬೆಂಗಳೂರಿನದ್ದು ಹಿಂದೆ ಬಿತ್ತು.

ಅಲ್ಲಿಂದ ಮುಂದೆ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸರ್ಕಾರಿ ಸಂಸ್ಥೆಗಳು, ಗೇಟ್ಸ್ ಫೌಂಡೇಶನ್, ಪಾಥ್ ಎಂಬ ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆ, ಹೈದರಾಬಾದಿನ ಭಾರತ್ ಬಯೋಟೆಕ್. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳ ಮೇಲೆ ದೊಡ್ಡ ಪ್ರಯೋಗ. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿ ಸುಮಾರು 56% ಕಡಿಮೆ. 2016ರಲ್ಲಿ ನಾಲ್ಕು ರಾಜ್ಯಗಳಿಂದ ಶುರುವಾಗಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು.

ಈಗ ಹೇಳಿ, ಯಾರಿಂದ? ಪ್ರತಿ ಸಂಸ್ಥೆಯ ವರದಿಯಲ್ಲೂ ಪೂರ್ತಿ ಲಸಿಕೆ ತಮ್ಮ ಖಾತೆಗೆ ಬರೆದುಕೊಂಡರೆ ಒಂದು ಮಗು ಐದು ಸಲ ಬದುಕಿದ ಹಾಗಾಗುತ್ತದೆ. ಪ್ರಾಮಾಣಿಕವಾಗಿ ಬರೆಯುವುದಾದರೆ "ಇದರಲ್ಲಿ ನಮ್ಮ ಪಾಲು ಇಂಥದ್ದು, ನಾವು ಇಲ್ಲದಿದ್ದರೆ ಈ ಹೆಜ್ಜೆ ತಡವಾಗುತ್ತಿತ್ತು" ಅನ್ನಬೇಕು. ಇನ್ನು ಸೋತ ಬೆಂಗಳೂರಿನ ತಳಿ? ಎರಡು ಕುದುರೆ ಓಡಿಸದೆ ಯಾವುದು ಮುಂದೆ ಅಂತ ಗೊತ್ತಾಗುತ್ತಿರಲಿಲ್ಲ. ಅದರ ಖರ್ಚೂ ಲಸಿಕೆಯ ಖರ್ಚೇ.

ಒಂದು ರೂಪಾಯಿ ಹಾಕಿದ್ರೆ ಎಷ್ಟು ವಾಪಸ್ ಬರುತ್ತೆ, ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಬೇಕು ಅಂದರೆ, ಬ್ರಿಟನ್ನಿನಲ್ಲಿ 2008ರಲ್ಲಿ ಹಾಕಿದ ಲೆಕ್ಕ ಇದೆ: ಹೃದಯ ಸಂಶೋಧನೆಗೆ ಸರ್ಕಾರ ಮತ್ತು ದತ್ತಿ ಸಂಸ್ಥೆಗಳು ಹಾಕಿದ ಪ್ರತಿ 1 ಪೌಂಡ್‌ಗೆ ವರ್ಷ ವರ್ಷವೂ 39 ಪೆನ್ಸ್‌ನಷ್ಟು ಲಾಭ. ಅದರಲ್ಲಿ ಜನರ ಆರೋಗ್ಯದಿಂದ ಬಂದದ್ದು 9 ಪೆನ್ಸ್, ಉಳಿದ 30 ಪೆನ್ಸ್ ದೇಶದ ಉದ್ಯಮ, ಆರ್ಥಿಕತೆಗೆ ಬಂದದ್ದು.

ಆದರೆ ಈ ಅಂಕಿಯನ್ನು ಹಾಗೇ ಎತ್ತಿ ನಮ್ಮ ಭಾಷಣಕ್ಕೆ ಅಂಟಿಸಬೇಡಿ. ಆರೋಗ್ಯವಾಗಿ ಬದುಕಿದ ಒಂದು ವರ್ಷಕ್ಕೆ ಇಷ್ಟು ಪೌಂಡ್ ಬೆಲೆ ಅಂತ ಮೊದಲು ಊಹಿಸಿಕೊಂಡು, ಸುಧಾರಣೆಯಲ್ಲಿ ಬ್ರಿಟನ್ನಿನ ಸಂಶೋಧನೆಯ ಪಾಲು ಇಷ್ಟು ಅಂತ ಮತ್ತೆ ಊಹಿಸಿ, ಕಾಯುವ ಕಾಲ 17 ವರ್ಷ ಅಂತ ಹಿಡಿದು ಬಂದ ಉತ್ತರ ಅದು. ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಲೆಕ್ಕ ಹಾಕಿದವರು ಅದನ್ನು ಮುಚ್ಚಿಡಲಿಲ್ಲ. ಉದ್ಧರಿಸುವವರು ಮುಚ್ಚಿಡುತ್ತಾರೆ.

ಏನೂ ಸಿಗದ ಸಂಶೋಧನೆ ದಂಡ ಖರ್ಚು ತಾನೆ?

"ಏನೂ ಸಿಗಲಿಲ್ಲ" ಅನ್ನುವುದರಲ್ಲಿ ಎರಡು ಬಗೆ ಇದೆ. ಕೆಲಸವೇ ಸರಿಯಾಗಿ ಆಗದೆ, ವರದಿಯೂ ಬಾರದೆ ಹೋದದ್ದು ಒಂದು. ಅದು ದಂಡವೇ. ಇನ್ನೊಂದು, ಚೆನ್ನಾಗಿ ನಡೆದು "ಇದು ಕೆಲಸ ಮಾಡುವುದಿಲ್ಲ" ಅಂತ ತೋರಿಸಿದ್ದು.

ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಬಿಸಿಜಿ ಲಸಿಕೆಯ ಪ್ರಯೋಗ ಶುರುವಾಯಿತು. ಲಕ್ಷಾಂತರ ಜನ, 15 ವರ್ಷ ಬೆನ್ನು ಹತ್ತಿ ನೋಡಿದರು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಬಿಸಿಜಿ ತಡೆಯಲಿಲ್ಲ. ವಿಜ್ಞಾನಿಗಳಿಗೇ ನಂಬಲು ಕಷ್ಟವಾದ ಉತ್ತರ ಅದು. ಮಕ್ಕಳಿಗೆ ಬರುವ ಮಿದುಳಿನ ಟಿಬಿಯಂಥ ಉಗ್ರ ರೂಪಗಳಿಂದ ಬಿಸಿಜಿ ಕಾಪಾಡುತ್ತದೆ ಅಂತ ಬೇರೆ ಅಧ್ಯಯನಗಳು ಹೇಳುವುದರಿಂದ ಹುಟ್ಟಿದ ಮಗುವಿಗೆ ಇವತ್ತೂ ಚುಚ್ಚುತ್ತೇವೆ. ಆದರೆ ಬಿಸಿಜಿ ಹಾಕಿಬಿಟ್ಟರೆ ದೇಶದಲ್ಲಿ ಟಿಬಿ ನಿಲ್ಲುತ್ತದೆ ಎಂಬ ಆಸೆ ಅಲ್ಲಿಗೆ ಮುಗಿಯಿತು. ಆಸೆಯ ಮೇಲೆ ಇನ್ನೂ ನಲವತ್ತು ವರ್ಷ ದುಡ್ಡು ಸುರಿಯುವುದು ತಪ್ಪಿತಲ್ಲ, ಅದನ್ನು ಯಾವ ವಾರ್ಷಿಕ ವರದಿಯೂ ಲಾಭದ ಖಾನೆಗೆ ಬರೆಯುವುದಿಲ್ಲ.

## ಜನರಿಗೆ ಹೇಳುವ ಬಗ್ಗೆ

ಮಂಗನ ಕಾಯಿಲೆಗೆ ಅಂತ ನಮ್ಮ ಅಪ್ಪಯ್ಯನ ಕಾಲದಿಂದ ರಕ್ತ ತಗಂಡು ಹೋಗ್ತಾನೇ ಇದಾರೆ. ನಮಗೆ ವಾಪಸ್ ಏನ್ ಬಂತು ಮಾರಾಯ್ರೆ?

ಸಾಗರ ತಾಲ್ಲೂಕಿನ ಒಂದು ಊರಿನ ಶಾಲೆ ಜಗಲಿಯಲ್ಲಿ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ಇದು. ಎಲೆಅಡಿಕೆ ಚೀಲ ಬಿಚ್ಚುತ್ತಾ, ನನ್ನ ಮುಖವನ್ನೂ ನೋಡದೆ ಕೇಳಿದರು. ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡಲು ನೋಡುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನಕ್ಕೂ ಜ್ವರ. ಮಂಗ ಸಾಯುತ್ತಿವೆ ಅಂದಕೂಡಲೇ ಭಾರತದಲ್ಲಿಲ್ಲದ ಹಳದಿ ಜ್ವರ ಬಂದೇ ಬಿಟ್ಟಿತಾ ಅಂತ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ತೆರೆದ ಕೇಂದ್ರ ಅದು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ. ಹಳದಿ ಜ್ವರವಲ್ಲ, ಹೊಸ ವೈರಸ್, ಉಣುಗಿನಿಂದ ಹರಡುತ್ತದೆ ಅಂತ ಗೊತ್ತಾಯಿತು.

ಸಿಕ್ಕಿದ್ದು: ಏನು ರೋಗ ಅಂತ ತಿಳಿಯಿತು. ಮಂಗ ಸತ್ತರೆ ಆ ಜಾಗಕ್ಕೆ ಹೋಗಬೇಡಿ, ಇಲಾಖೆಗೆ ತಿಳಿಸಿ ಎಂಬ ಎಚ್ಚರಿಕೆ ಬಂತು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ ಬಂತು. ಅದು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ರಕ್ತ ಪರೀಕ್ಷೆ ಈಗ ಶಿವಮೊಗ್ಗದಲ್ಲೇ ಆಗುತ್ತದೆ. ಲಸಿಕೆಯೂ ಬಂತು.

ಸಿಗದೇ ಇದ್ದದ್ದು: ಈ ರೋಗಕ್ಕೆಂದೇ ಔಷಧಿ ಇವತ್ತಿಗೂ ಇಲ್ಲ. ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯುತ್ತಾರೆ. ಲಸಿಕೆಯ ಕೆಲಸವನ್ನು 2005ರಿಂದ 2010ರ ದಾಖಲೆ ಇಟ್ಟು ನೋಡಿದಾಗ ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ 83% ರಕ್ಷಣೆ, ಒಂದೇ ಡೋಸಿಗೆ ಲೆಕ್ಕಕ್ಕೆ ಸಿಗುವ ರಕ್ಷಣೆ ಇಲ್ಲ. ಚುಚ್ಚಿದ ಕೈ ನೋವು ಬೇರೆ, ಹಾಗಾಗಿ ಜನ ಎರಡನೆಯದಕ್ಕೆ ಬರುತ್ತಿರಲಿಲ್ಲ. 2018-19ರಲ್ಲಿ ಅರಳಗೋಡಿನ ಸುತ್ತ ಆದ ಸಾವುಗಳನ್ನು ಮಲೆನಾಡು ಮರೆತಿಲ್ಲ. ಪರಿಣಾಮ ಸಾಲದು ಅಂತ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹೊಸದರ ಕೆಲಸ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಯಾಗಿ ನಡೆಸುತ್ತಿವೆ.

ಅಜ್ಜಿಗೆ ಹೇಳಬೇಕಾಗಿದ್ದದ್ದು ಈ ಎರಡೂ ಪಟ್ಟಿ. ಮೊದಲನೆಯದನ್ನಷ್ಟೇ ಹೇಳಿ ಬಂದೆ. ಅವರು "ಹೌದಾ" ಅಂದು ಎಲೆಗೆ ಸುಣ್ಣ ಸವರಿದರು.

ಸಂಶೋಧನೆಗೆ ಮಾಹಿತಿ ಕೊಟ್ಟ ಊರಿಗೆ ಫಲಿತಾಂಶ ಹೇಳ್ಲೇಬೇಕಾ? ಅವರಿಗೆ ಅರ್ಥ ಆಗುತ್ತಾ?

ಹೇಳಲೇಬೇಕು. ಮತ್ತೆ, ಅರ್ಥ ಆಗುತ್ತದೆ. ಅರ್ಥ ಆಗದಂತೆ ಹೇಳುವುದು ನಮ್ಮ ಅಭ್ಯಾಸ. ಪೇಪರ್ ಅಚ್ಚಾಗಲಿ ಅಂತ ಎರಡು ವರ್ಷ ಕಾದು ಆಮೇಲೆ ಹೋದರೆ ಆಶಾ ಕಾರ್ಯಕರ್ತೆ ಬದಲಾಗಿರುತ್ತಾರೆ, ನಿಮ್ಮನ್ನು ಯಾರೂ ಗುರುತು ಹಿಡಿಯುವುದಿಲ್ಲ. ಯೋಜನೆಯ ಬಜೆಟ್ಟಿನಲ್ಲೇ ವಾಪಸ್ ಹೋಗುವ ಖರ್ಚು ಇಟ್ಟುಕೊಳ್ಳಿ: ಜೀಪಿನ ಬಾಡಿಗೆ, ಮೈಕು, ಟೀ ಬಿಸ್ಕತ್ತು. ಸುಗ್ಗಿಯ ಕಾಲ, ಅಡಿಕೆ ಕೊಯ್ಲಿನ ಕಾಲ ಬಿಟ್ಟು ಹೋಗಿ. ಮೊದಲು ಅವರ ಊರಿನ ಅಂಕಿ ಹೇಳಿ, ದೇಶದ್ದು ಆಮೇಲೆ.

ಪತ್ರಿಕೆಗೆ ಸುದ್ದಿ ಬರೆದು ಕಳಿಸೋವಾಗ ಏನು ಜೋಪಾನ ಮಾಡಬೇಕು?

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬಹಳ ಹಿಂದೆ ಒಂದು ಸಂಸ್ಥೆಗೆ ಸುದ್ದಿ ಬರೆದುಕೊಟ್ಟೆ. ಇಲಿಗಳ ಮೇಲೆ ಒಂದು ಲಸಿಕೆ ಚೆನ್ನಾಗಿ ಕೆಲಸ ಮಾಡಿತ್ತು. "ಇಲಿ" ಎಂಬ ಪದ ನಾಲ್ಕನೇ ಪ್ಯಾರಾದಲ್ಲಿತ್ತು. ಉಪಸಂಪಾದಕರು ಜಾಗ ಸಾಲದೆ ಮೂರು ಪ್ಯಾರಾಕ್ಕೆ ಕತ್ತರಿಸಿದರು. ಮರುದಿನ ಬೆಳಗ್ಗೆಯಿಂದ ಫೋನು: ಲಸಿಕೆ ಎಲ್ಲಿ ಸಿಗುತ್ತೆ, ಮಗನಿಗೆ ಹಾಕಿಸಬೇಕು. ಹತ್ತಿಪ್ಪತ್ತು ಜನಕ್ಕೆ "ಇನ್ನೂ ಇಲ್ಲ" ಅಂತ ಹೇಳಿದ ನೆನಪು ಈಗಲೂ ಮುಜುಗರ ತರುತ್ತದೆ.

ಅಂದಿನಿಂದ ಇಲಿಯನ್ನು ಮೊದಲ ವಾಕ್ಯಕ್ಕೆ ತಂದಿದ್ದೇನೆ. ಎಷ್ಟು ಜನರ ಮೇಲೆ, ದುಡ್ಡು ಯಾರದು, ಮುಂದೆ ಏನು ಬಾಕಿ ಎಂಬುದೂ ಮೊದಲ ಎರಡು ಪ್ಯಾರಾದಲ್ಲೇ ಇರಬೇಕು. "ಕ್ರಾಂತಿಕಾರಿ", "ದೇಶದಲ್ಲೇ ಮೊದಲು" ಇವೆರಡನ್ನು ಕಂಡರೆ ಹೊಡೆದು ಹಾಕುತ್ತೇನೆ.

## ಇನ್ನೂ ಆಳದ್ದು

ಉಪಯೋಗ ತೋರಿಸಿ ಅಂತ ಒತ್ತಾಯ ಮಾಡಿದ್ರೆ ವಿಜ್ಞಾನಿಗಳು ಸುಲಭದ ಕೆಲಸ ಮಾತ್ರ ಹಿಡೀತಾರೆ ಅಲ್ವಾ?

ಈ ಭಯ ಸುಳ್ಳಲ್ಲ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳನ್ನು ಅಳೆಯುವಾಗ ಸಮಾಜಕ್ಕಾದ ಪ್ರಯೋಜನಕ್ಕೆ 2014ರಲ್ಲಿ 20% ಅಂಕ ಇಟ್ಟರು, 2021ರಲ್ಲಿ 25%ಕ್ಕೆ ಏರಿಸಿದರು. 2014ರಲ್ಲಿ ಸುಮಾರು 7,000 ಕಥೆಗಳು ಬಂದವು. ಎಲ್ಲವೂ ಗೆದ್ದ ಕಥೆಗಳು. ಅಂಕ ಇರುವುದು ಗೆಲುವಿಗೆ ಅಂದಮೇಲೆ ಸೋಲನ್ನು ಯಾರು ಬರೆದುಕೊಡುತ್ತಾರೆ?

ಕಲ್ಕತ್ತಾದ ಡಾ. ಎಸ್.ಎನ್. ಡೇ ಅವರನ್ನು ನೆನೆಯಿರಿ. ಕಾಲರಾ ರೋಗಾಣು ಒಂದು ವಿಷವನ್ನು ಹೊರಬಿಡುತ್ತದೆ, ಭೇದಿಗೆ ಕಾರಣ ಅದೇ ಅಂತ ಮೊಲದ ಕರುಳಿನಲ್ಲಿ ತೋರಿಸಿ 1959ರಲ್ಲಿ ಪ್ರಕಟಿಸಿದರು. ಕರುಳು ಹಾಳಾಗಿಲ್ಲ, ನೀರು ಸೋರುತ್ತಿದೆ ಅಷ್ಟೇ ಅಂತ ತಿಳಿದದ್ದು ಕುಡಿಸಿ ಬದುಕಿಸಬಹುದು ಎಂಬ ದಾರಿಗೆ ಒಂದು ಮೆಟ್ಟಿಲು. ಮೂರು ವರ್ಷದ ಮೇಲೆ ಯಾರಾದರೂ ಫಾರಂ ಕೊಟ್ಟು "ಪ್ರಯೋಜನ ಬರೆಯಿರಿ" ಅಂದಿದ್ದರೆ ಡೇ ಏನು ಬರೆಯುತ್ತಿದ್ದರು? ಹಾಗಾಗಿ ನನ್ನ ಅಭಿಪ್ರಾಯ ಇದು. ಮೂಲ ವಿಜ್ಞಾನದ ಯೋಜನೆಗೆ ಮೂರು ವರ್ಷಕ್ಕೆ ಜನೋಪಯೋಗದ ಲೆಕ್ಕ ಕೇಳಬಾರದು, ಕೆಲಸ ಶಿಸ್ತಾಗಿ ಆಯಿತಾ ಅಂತಷ್ಟೇ ಕೇಳಬೇಕು. ಲಸಿಕೆ, ಚಿಕಿತ್ಸೆ, ಕಾರ್ಯಕ್ರಮಗಳ ಸಂಶೋಧನೆಗೆ ಮಾತ್ರ ನೇರ ಲೆಕ್ಕ ಕೇಳಬೇಕು. ಎರಡಕ್ಕೂ ಒಂದೇ ಫಾರಂ ಕೊಡುವುದು ಸರಿಯಲ್ಲ.

ಸರಾಸರಿ ಲಾಭ ಆಯ್ತು, ಸರಿ. ಯಾರಿಗೆ ಆಯ್ತು ಅಂತ ಯಾರಾದ್ರೂ ನೋಡ್ತಾರಾ?

ನೋಡಿದವರು ಇದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ ಡಾ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಇವರಿಗೆ ಕಂಡದ್ದು ತಿರುಗಾಮುರುಗಾ. ಕಫದಲ್ಲಿ ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸ್ ಬಂದಿದ್ದರು.

ಇದರಿಂದ ಜಿಲ್ಲಾ ಕ್ಷಯ ಕಾರ್ಯಕ್ರಮದ ರೂಪವೇ ಬೇರೆಯಾಯಿತು: ಎಕ್ಸ್‌ರೇ ಗಾಡಿ ಊರೂರು ಸುತ್ತುವ ಬದಲು, ಕೆಮ್ಮು ಅಂತ ಬಂದವರ ಕಫವನ್ನು ಆಸ್ಪತ್ರೆಯಲ್ಲೇ ಪರೀಕ್ಷಿಸಿ ಅಂತ. ಯಾವುದೇ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಲಾಭ ಯಾರಿಗೆ ತಲುಪಿತು, ಯಾರಿಗೆ ಇಲ್ಲ ಅಂತ ಬಿಡಿಸಿ ತೋರಿಸುವ ಕೋಷ್ಟಕವನ್ನು. ಗಂಡು ಹೆಣ್ಣು, ಊರು ಪೇಟೆ, ಜಾತಿ, ಆದಾಯ. ಅದಿಲ್ಲದ ಸರಾಸರಿಗೆ ನನ್ನಲ್ಲಿ ಹೆಚ್ಚು ಬೆಲೆಯಿಲ್ಲ.

ಸರ್ಕಾರದ ನೀತಿ ಬದಲಾಯ್ತು ಅಂದ್ರೆ ಅದು ಸಂಶೋಧನೆಯ ಫಲ ಅಂತ ಹೇಳಬಹುದಾ?

ಅರ್ಧ ಹೇಳಬಹುದು. 2018ರಿಂದ ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000 ಆಯಿತು. ದಾನಿಗಳು ಕೊಡುವ ಆಹಾರದ ಕಿಟ್ ರೋಗಿಯ ಮನೆಯವರಿಗೂ ಸಿಗುವಂತೆ ಮಾಡಿದರು. ಜಾರ್ಖಂಡಿನ ಪ್ರಯೋಗ ಬಂದು ವರ್ಷದ ಮೇಲೆ ಇದು ಆದದ್ದು. ಕಾಲ ಹೊಂದುತ್ತದೆ, ವಿಷಯವೂ ಹೊಂದುತ್ತದೆ. ಆದರೆ ಬೆಲೆ ಏರಿಕೆ, ಟಿಬಿ ಮುಕ್ತ ಭಾರತದ ಗುರಿ, ಹಲವರ ಒತ್ತಾಯ ಎಲ್ಲವೂ ಜೊತೆಗಿದ್ದವು. "ನಮ್ಮ ಪ್ರಯೋಗದಿಂದಲೇ" ಅಂತ ಬರೆಯುವ ಮುಂಚೆ ಸರ್ಕಾರದ ಕಡತದಲ್ಲಿ ಪ್ರಯೋಗದ ಉಲ್ಲೇಖ ಇದೆಯಾ ಅಂತ ನೋಡಬೇಕು.

ನಾನು ವಿಜ್ಞಾನಿ ಅಲ್ಲ, ಅಧಿಕಾರಿ ಅಲ್ಲ. ನಾನೇ ಪರೀಕ್ಷೆ ಮಾಡೋಕೆ ದಾರಿ ಇದೆಯಾ?

ಇದೆ. ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧಿ, ಲಸಿಕೆ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ದಾಖಲಿಸಬೇಕು. 2007ರಲ್ಲಿ ಐಸಿಎಂಆರ್ ಶುರು ಮಾಡಿದ್ದು, 2009ರಿಂದ ಔಷಧಿ ಪ್ರಯೋಗಗಳಿಗೆ ಕಡ್ಡಾಯ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ರೋಗದ ಹೆಸರು ಹಾಕಿ ಹುಡುಕಿ, ಒಂದು ಪ್ರಯೋಗ ತೆರೆಯಿರಿ. ನೋಂದಣಿ ಮಾಡಿದ ದಿನ, ಮೊದಲ ವ್ಯಕ್ತಿಯನ್ನು ಸೇರಿಸಿಕೊಂಡ ದಿನ, ಎರಡನ್ನೂ ಬರೆದುಕೊಂಡು ನೋಂದಣಿ ಮೊದಲು ಆಗಿದೆಯಾ ಅಂತ ನೋಡಿ. ಆಮೇಲೆ "ಮುಖ್ಯ ಫಲಿತಾಂಶ ಏನು ಅಳೆಯುತ್ತೇವೆ" ಅಂತ ಅವರು ಮೊದಲೇ ಬರೆದದ್ದನ್ನು ಓದಿ, ಕೊನೆಗೆ ಪತ್ರಿಕೆಯಲ್ಲಿ ಬಂದ ಸುದ್ದಿಯ ಪಕ್ಕ ಇಡಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯದು. ಬೇರೆ ಆಗಿದ್ದರೆ, ಹಣ ಕೊಟ್ಟದ್ದು ಸರ್ಕಾರಿ ಸಂಸ್ಥೆಯಾಗಿದ್ದರೆ, 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕಾರಣ ಬರೆದಿರುವ ಕಡತದ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನ ಕೊಡಿ.